ಅಳು ನಿಲ್ಲುವ ಸದ್ದು

ಮಗು ಅಳುತ್ತಿದ್ದುದು ಸರಿಯಾಗಿರಲಿಲ್ಲ. ಹಸಿವಿನ ಅಳು ಮೊದಲು ಸಣ್ಣ ಸಣ್ಣ ತುಂಡಾಗಿ ಹೊರಡಬೇಕು, ಯಾರಾದರೂ ಬರುತ್ತಾರೇನೋ ಎಂದು ನಡುನಡುವೆ ಕಾದು ನೋಡಬೇಕು, ಬರುವುದಿಲ್ಲ ಎಂದು ಗ್ಯಾರಂಟಿಯಾದ ಮೇಲೆ ಉದ್ದಕ್ಕೆ ಎಳೆಯಬೇಕು. ಇದು ಮೊದಲ ಉಸಿರಿಗೇ ತುದಿಗೆ ಹೋಗಿ ಅಲ್ಲೇ ನೇತಾಡುತ್ತಿತ್ತು. ಏರಿಲ್ಲ, ಇಳಿತವಿಲ್ಲ. ಇಂಥದ್ದನ್ನು ತಾನು ಮೈಕಿನ ಮುಂದೆ ಕೊಟ್ಟಿದ್ದರೆ ಯಾವ ನಿರ್ದೇಶಕನೂ ಓಕೆ ಮಾಡುತ್ತಿರಲಿಲ್ಲ ಎಂದುಕೊಂಡಳು. ಎಂದುಕೊಂಡು ಮುಗಿದ ಮೇಲೆ, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ತನ್ನ ಪಕ್ಕದಲ್ಲೇ, ಗಂಡನ ಅಕ್ಕನ ತೊಡೆಯ ಮೇಲೆ ಕೆಂಪಗೆ ಬಿರಿದುಕೊಂಡಿದ್ದ ಆ ಬಾಯಿ ತನ್ನ ಮಗಳದು ಎಂಬುದು ನೆನಪಾಯಿತು. ಅದು ನೆನಪಾಗಬೇಕಾಗಿ ಬಂದದ್ದಕ್ಕೆ ನಾಚಿಕೊಂಡು ಕಿಟಕಿಯಾಚೆ ನೋಡಿದಳು. ಆಚೆ ಒಬ್ಬ ಮುದುಕ ಬಾಗಿಲು ಮುಚ್ಚಿದ್ದ ಅಂಗಡಿಯ ಮುಂದೆ ನಿಂತು, ಮುಚ್ಚಿದೆಯೆಂದು ಗೊತ್ತಿದ್ದೂ ಮತ್ತೆ ಮತ್ತೆ ಬಡಿಯುತ್ತಿದ್ದ.

ಅಳುವುದು ಅವಳ ಕಸುಬು. ಶೂಟಿಂಗಿನಲ್ಲಿ ಮಗು ನಗಬೇಕಾದಾಗ ಅಳುತ್ತದೆ, ಅಳಬೇಕಾದಾಗ ಲೈಟು ನೋಡುತ್ತಾ ಬಾಯಿ ಚಪ್ಪರಿಸುತ್ತದೆ. ಆಮೇಲೆ ಡಬ್ಬಿಂಗ್ ಥಿಯೇಟರಿನ ಕತ್ತಲಲ್ಲಿ ಯಾರಾದರೂ ದೊಡ್ಡವರು ನಿಂತು ಪರದೆಯ ಮೇಲಿನ ಬಾಯಿಗೆ ತಕ್ಕ ಹಾಗೆ ಅತ್ತು ಕೊಡಬೇಕು. ವರ್ಷಗಟ್ಟಲೆಯಿಂದ ಆ ದೊಡ್ಡವರು ಅವಳೇ. ಆಗ ತಾನೆ ಹುಟ್ಟಿದ ಮಗು, ಜ್ವರದ ಮಗು, ರೈಲ್ವೆ ಸ್ಟೇಷನ್ನಿನಲ್ಲಿ ಬಿಟ್ಟುಹೋದ ಮಗು, ಮುಂದೆ ಹೀರೋ ಆಗಲಿರುವ ಮಗು. ಈ ಕೊನೆಯದರ ಅಳುವಿಗೆ ಸ್ವಲ್ಪ ಖದರು ಬೇಕಾಗುತ್ತಿತ್ತು, ಅದನ್ನೂ ಕೊಟ್ಟಿದ್ದಳು. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಅಳುಮುಂಜಿ ಎಂದೇ ಕರೆಯುವುದು. ಬಸುರಿಯಾದಾಗ ಅವರಿಗೆ ಎಷ್ಟು ಖುಷಿ! “ನಿಂಗೇನಮ್ಮಾ, ಮನೇಲೇ ಟ್ರೈನಿಂಗು,” ಎಂದಿದ್ದರು. “ನಿನ್ನ ಮಗು ಅಳೋಕೆ ಮುಂಚೇನೇ ನಿಂಗೆ ಯಾಕಂತ ಗೊತ್ತಾಗಿರತ್ತೆ.” ಅವಳೂ ನಂಬಿದ್ದಳು. ಆಸ್ಪತ್ರೆಯಲ್ಲಿ ಮೊದಲ ಸಲ ಆ ಸದ್ದು ಕೇಳಿದಾಗ ಪಕ್ಕದ ಮಂಚದವಳು ಕೈಮುಗಿದು ಕಣ್ಣೀರು ಹಾಕುತ್ತಿದ್ದಳು, ಇವಳಿಗೆ ಅನ್ನಿಸಿದ್ದು ಇಷ್ಟೇ: ಇಷ್ಟೇನಾ, ನಾನು ಇದಕ್ಕಿಂತ ಚೆನ್ನಾಗಿ ಮಾಡ್ತೀನಲ್ಲ.

“ಸ್ವಲ್ಪ ಹಿಡ್ಕೋತೀಯಾ?” ಎಂದಳು ಗಂಡನ ಅಕ್ಕ.

“ಈಗ ತಾನೆ ಬಾಯಿ ಮುಚ್ತಿದಾಳೆ ಅಕ್ಕ. ಅಲ್ಲೇ ಇರ್ಲಿ.”

“ಅದೂ ಸರಿ,” ಎಂದು ಅಕ್ಕ ಮಗುವಿನ ಬೆನ್ನು ತಟ್ಟಿದಳು. ತಟ್ಟುವುದರಲ್ಲಿ ಏನೂ ವಿಶೇಷವಿರಲಿಲ್ಲ, ದಿಂಬಿನ ಧೂಳು ಕೊಡವುವ ಹಾಗೆ. “ಸಂಜೆ ನಾನು ಊರಿಗೆ ಹೊರಡೋ ಬಸ್ಸು ನೆನಪಿದೆ ತಾನೆ? ನಿನ್ನ ಕೆಲಸ ಮುಗಿಯೋ ಹೊತ್ತಿಗೆ ಒಂದು ಮಾತು ಹೇಳಿಬಿಡು ಕಣೆ. ಅವಳನ್ನ ಕರ್ಕೊಂಡು ಹೋಗ್ಲಾ, ಬೇಡ್ವಾ. ನನ್ನ ಬಲವಂತ ಏನಿಲ್ಲ. ಆಮೇಲೆ ಗಂಡನ ಅಕ್ಕ ಬಂದು ಮಗೂನ ಕಿತ್ಕೊಂಡು ಹೋದ್ಳು ಅಂತ ನಾಲ್ಕು ಜನ ಆಡ್ಕೋಬಾರದು.”

ಅಕ್ಕ ಕೆಟ್ಟವಳಲ್ಲ. ಮೂರು ಹೆತ್ತು, ಮೂವರನ್ನೂ ಒಂದೇ ಬಾಚಣಿಗೆಯಲ್ಲಿ ಬಾಚಿ ದೊಡ್ಡವರನ್ನಾಗಿ ಮಾಡಿದವಳು; ತಮ್ಮನ ಮನೆಯ ಪಾಡು ಕೇಳಿ ತನ್ನ ಮನೆ ಬಿಟ್ಟು ಬಂದಿದ್ದಳು. ಬಂದ ವಾರದಲ್ಲೇ, ಮಧ್ಯಾಹ್ನ, ಔಷಧಿ ಅಂಗಡಿಯಿಂದ ವಾಪಸು ಬಂದು ನೋಡುತ್ತಾಳೆ, ಮಗು ತೊಟ್ಟಿಲಲ್ಲಿ ಅತ್ತು ಅತ್ತು ದನಿ ಕಳೆದುಕೊಂಡಿದೆ, ಬಚ್ಚಲ ಬಾಗಿಲು ಹಾಕಿದೆ, ಒಳಗೆ ನಲ್ಲಿ ಸುರಿಯುತ್ತಿದೆ. ತಟ್ಟಿದಳು, ಕೂಗಿದಳು. ಇವಳು ಬಾಗಿಲು ತೆಗೆದಾಗ ಮೈಮೇಲಿನ ಬಟ್ಟೆ ಒಣಗಿಯೇ ಇತ್ತು, ಬಕೆಟ್ಟು ತುಂಬಿ ಹರಿದುಹೋಗುತ್ತಿತ್ತು. ಅಕ್ಕ ಬೈದಿದ್ದರೆ ಸಹಿಸಬಹುದಿತ್ತು. ಅವಳು ಬೈಯಲಿಲ್ಲ, ಒಳಗೆ ಬಂದು ನಲ್ಲಿ ನಿಲ್ಲಿಸಿ, “ನೀರಾದ್ರೂ ಉಳಿಸಬಾರ್ದಾ,” ಎಂದಳು. ಆವತ್ತು ಸಂಜೆ ಗಂಡನಿಗೆ ವಿಷಯ ಗೊತ್ತಾಯಿತು. ಅವನದು ಕನ್ನಡಕದ ಅಂಗಡಿ. ಇಡೀ ದಿನ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ ‘ಹೀಗೆ ಚೆನ್ನಾಗಿ ಕಾಣತ್ತಾ, ಹಾಗೆ ಚೆನ್ನಾಗಿ ಕಾಣತ್ತಾ’ ಎಂದು ಕೇಳುವವನು. ಮನೆಯಲ್ಲೂ ಅದೇ ದನಿಯಲ್ಲಿ ಕೇಳಿದ: “ಮಗು ಅಕ್ಕನ ಜೊತೆ ಹೋದ್ರೆ ನಿಂಗೆ ಸಮಾಧಾನಾನಾ, ಇಲ್ಲೇ ಇದ್ರೆ ಸಮಾಧಾನಾನಾ? ಅರ್ಜೆಂಟಿಲ್ಲ, ನಿಧಾನಕ್ಕೆ ನೋಡಿ ಹೇಳು.”

ನಿಧಾನಕ್ಕೆ ನೋಡುವುದೇನೂ ಇರಲಿಲ್ಲ. ‘ಕರ್ಕೊಂಡು ಹೋಗಿ’ ಎಂಬ ಮಾತು ಅವನು ಕೇಳಿ ಮುಗಿಸುವ ಮೊದಲೇ ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು, ನೀರಿನ ಕೊಡ ಹಿಡಿದು ಸರದಿಗೆ ನಿಂತವರ ಹಾಗೆ. ಅವಳಿಗೆ ಹೆದರಿಕೆಯಿದ್ದದ್ದು ಮಗು ಹೋಗುವುದರ ಬಗ್ಗೆ ಅಲ್ಲ, ಆ ಮಾತು ಎಷ್ಟು ಬೇಗ ಬಂತು ಎಂಬುದು ಅವರ ಕಿವಿಗೆ ಬಿದ್ದುಬಿಟ್ಟರೆ ಎಂದು. ಎಷ್ಟು ಹೊತ್ತು ಬಿಟ್ಟು ಹೇಳಿದರೆ ತಾಯಿ ಹೇಳಿದ ಹಾಗೆ ಕೇಳಿಸುತ್ತದೆ? ಎಲ್ಲಿ ಉಸಿರು ತಡೆಯಬೇಕು, ‘ಕರ್ಕೊಂಡು’ ಎಂಬುದರ ಮೇಲೋ, ‘ಹೋಗಿ’ ಎಂಬುದರ ಮೇಲೋ? ಎರಡು ದಿನದಿಂದ ಪಾತ್ರೆ ತೊಳೆಯುವಾಗ ಅದನ್ನೇ ಬಾಯೊಳಗೆ ಹೇಳಿ ನೋಡಿಕೊಳ್ಳುತ್ತಿದ್ದಳು. ಯಾವುದೂ ಓಕೆ ಆಗಿರಲಿಲ್ಲ.

ಸ್ಟುಡಿಯೋದಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಹಳೆಯ ಕಾರ್ಪೆಟ್ಟಿನ ವಾಸನೆ, ಸ್ಪಂಜು ಬಡಿದ ಗೋಡೆ, ಒಳಗೊಂದು ರೂಮು, ಹೊರಗೊಂದು ರೂಮು, ನಡುವೆ ದಪ್ಪ ಗಾಜು. ಒಳಗೆ ಮೈಕು ಮತ್ತು ಅಳುವವಳು. ಹೊರಗೆ ಮೆಷೀನು ಮತ್ತು ಅಳು ಸಾಲದು ಎನ್ನುವವರು. ಸೌಂಡಿನವರಿಗೆ ವಯಸ್ಸಾಗಿತ್ತು, ಹೆಡ್‌ಫೋನು ಕಿವಿಗೆ ಅಂಟಿಕೊಂಡೇ ಹುಟ್ಟಿದ ಹಾಗಿದ್ದರು. ಅದಕ್ಕೇ ಅವರ ಹೆಸರು ಹೆಡ್‌ಫೋನ್ ತಾತ. “ಬಂದ್ಯಾ ಅಳುಮುಂಜಿ! ಎಲ್ಲಿ, ಅಸಲಿ ಅಳುಮುಂಜಿ ಎಲ್ಲಿ?” ಎಂದು ಅಕ್ಕನ ಕೈಯಲ್ಲಿದ್ದ ಗಂಟನ್ನು ಬಗ್ಗಿ ನೋಡಿದರು. ಅದು ನಿದ್ದೆ ಹೋಗಿತ್ತು. ಅಕ್ಕ ಊರಿಗೆಂದು ತುಂಬಿ ತಂದಿದ್ದ ಬ್ಯಾಗನ್ನು ಪಕ್ಕಕ್ಕಿಟ್ಟು, ಹೊರಗಿನ ರೂಮಿನ ಸೋಫಾದಲ್ಲಿ ಕಾಲು ಚಾಚಿ ಕೂತಳು. ಸಿನಿಮಾ ಮಾಡುವ ಜಾಗ ಇಷ್ಟು ಕೊಳಕಾಗಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ, ಹಾಗೆಂದು ಹೇಳಿಯೂ ಹೇಳಿದಳು.

ನಿರ್ದೇಶಕನಿಗೆ ಇನ್ನೂ ಮೀಸೆ ಸರಿಯಾಗಿ ಕೂತಿರಲಿಲ್ಲ. ಅವನು ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಎರಡೂ ಕೈಯಲ್ಲಿ ಗಾಳಿಯನ್ನು ಮೆತ್ತಗೆ ಒತ್ತುತ್ತ, “ನೋಡಿ ಮೇಡಮ್, ಇದು ಮಾಮೂಲಿ ಅಳು ಅಲ್ಲ,” ಎಂದ. “ಹೆರಿಗೆ ಆದ್ಮೇಲೆ ಕೆಲವು ತಾಯಂದಿರಿಗೆ ಒಂಥರಾ ಖಿನ್ನತೆ ಬರತ್ತೆ. ನಿದ್ದೆ ಇರಲ್ಲ, ಮಗು ಕಂಡ್ರೆ ಏನೂ ಅನ್ಸಲ್ಲ. ಹೊರಗಿನವರಿಗೆ ಅರ್ಥ ಆಗಲ್ಲ. ನಾನು ತುಂಬಾ ಓದಿದೀನಿ. ಅಂಥ ತಾಯಿಗೆ ಮಗು ಅಳು ಕಿವಿಗೆ ಕೇಳ್ಸಲ್ಲ, ತಲೆ ಒಳಗೆ ಕೇಳ್ಸತ್ತೆ. ನಿಮಗೆ ಇದು ಕಲ್ಪನೆ ಮಾಡ್ಕೊಳ್ಳೋಕೆ ಸ್ವಲ್ಪ ಕಷ್ಟ ಆಗಬಹುದು.”

“ಪ್ರಯತ್ನ ಮಾಡ್ತೀನಿ ಸರ್,” ಎಂದಳು.

ಪರದೆಯ ಮೇಲೆ ನಾಯಕಿ ಕಿಟಕಿಯ ಬಳಿ ನಿಂತಿದ್ದಳು, ತೊಟ್ಟಿಲಿಗೆ ಬೆನ್ನು ಹಾಕಿ. ಕಣ್ಣ ಕೆಳಗಿನ ಕಪ್ಪನ್ನು ಮೇಕಪ್ಪಿನವನು ಎರಡೂ ಬದಿಗೆ ಅಳತೆ ಮಾಡಿ ಹಚ್ಚಿದ್ದ. ಕೂದಲು ಕೆದರಿತ್ತು, ಆದರೆ ಕೆದರಬೇಕಾದ ಕಡೆ ಮಾತ್ರ. ಮಗು ಅಳುತ್ತದೆ, ಅವಳು ಕದಲುವುದಿಲ್ಲ. ಮಗು ಇನ್ನೂ ಅಳುತ್ತದೆ, ಒಂದು ಹಕ್ಕಿ ಹಾರುತ್ತದೆ. ಅವಳು ತಿರುಗಿ, ನಡೆದು ಬಂದು, ಮಗುವನ್ನೆತ್ತಿ ಎದೆಗೆ ಒತ್ತಿಕೊಳ್ಳುತ್ತಾಳೆ. ಕಿಟಕಿಯಿಂದ ತೊಟ್ಟಿಲಿಗೆ ಬರುವಷ್ಟರಲ್ಲಿ ಖಿನ್ನತೆ ಮುಗಿದಿತ್ತು. ಮಗುವಿನ ಅಳು ನಿಲ್ಲುತ್ತದೆ. ಅಲ್ಲಿಂದ ಸಂಗೀತ.

ಹೆಡ್‌ಫೋನು ಹಾಕಿಕೊಂಡಳು. ಗಂಟಲನ್ನು ಮೇಲಕ್ಕೆ ಎಳೆದು, ನಾಲಿಗೆಯನ್ನು ಹಿಂದಕ್ಕೆ ಸರಿಸಿ, ಮೊದಲ ತುಂಡನ್ನು ಬಿಟ್ಟಳು. ಆಹಾ. ತಿಂಗಳುಗಳ ನಂತರ ಒಂದು ಕೆಲಸ ತನ್ನ ಮಾತು ಕೇಳುತ್ತಿತ್ತು. ಎರಡನೆಯ ತುಂಡು, ನಡುವೆ ಕಾಯುವ ಉಸಿರು, ಮೂರನೆಯದು ಸ್ವಲ್ಪ ಕೋಪದಿಂದ, ಆಮೇಲೆ ಉದ್ದನೆಯದು. ಹೆಡ್‌ಫೋನಿನಲ್ಲಿ ಅದು ಅವಳಿಗೇ ವಾಪಸು ಬಂದು ತಲೆಯ ನಡುಮಧ್ಯದಲ್ಲಿ ಕೂತು ಕರೆಯಿತು. ಎಷ್ಟು ಒಳ್ಳೆಯ ಮಗು! ಯಾಕೆ ಅಳುತ್ತಿದೆಯೆಂದು ಎಂಥವರಿಗೂ ತಿಳಿಯುತ್ತಿತ್ತು. ಉದ್ದನೆಯ ಅಳುವಿನ ತುದಿಯಲ್ಲಿದ್ದಾಗ ಎದೆಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು, ಆಮೇಲೆ ಬೆಚ್ಚಗೆ. ಏನೆಂದು ಹೊಳೆಯುವ ಮೊದಲೇ ಅಂಗಿಯ ಎರಡೂ ಕಡೆ ತೇವ ಹರಡಿತು. ಹಾಲು. ಆಸ್ಪತ್ರೆಯಲ್ಲಿ ನರ್ಸು, ಒಗೆದ ಬಟ್ಟೆ ಹಿಂಡಿದ ಹಾಗೆ ಹಿಂಡಿ, “ಎಲ್ರಿಗೂ ಬರತ್ತೆ, ನಿಮಗ್ಯಾಕಮ್ಮ ಬರಲ್ಲ,” ಎಂದು ಗದರಿದ್ದ ಹಾಲು. ಡಾಕ್ಟರು, ಟೆನ್ಷನ್ ಮಾಡ್ಕೋಬೇಡಿ ಎಂದು ಬರೆದುಕೊಟ್ಟ ಮಾತ್ರೆಗೂ ಬಾರದ ಹಾಲು. ಮಗು ಬಾಯಿ ಹಚ್ಚಿ, ಏನೂ ಸಿಗದೆ, ಮೋಸ ಹೋದವರ ಹಾಗೆ ತಲೆಯೆತ್ತಿ ನೋಡಿ ಕೊನೆಗೆ ಬಾಟಲಿಗೆ ಒಗ್ಗಿಹೋದ ಮೇಲೆ ಬತ್ತಿತು ಎಂದು ಎಲ್ಲರೂ ಕೈಬಿಟ್ಟಿದ್ದ ಹಾಲು. ಅದು ಈಗ ಇಲ್ಲದ ಮಗುವೊಂದರ ಅಳುವಿಗೆ, ತಾನೇ ಅತ್ತ ಅಳುವಿಗೆ, ಕರೆದ ನಾಯಿಯ ಹಾಗೆ ಓಡಿ ಬಂದಿತ್ತು. ಅವಳು ಶಾಲು ಎಳೆದುಕೊಂಡಳು. ಗಾಜಿನಾಚೆ ಹೆಡ್‌ಫೋನ್ ತಾತ ಹೆಬ್ಬೆರಳೆತ್ತಿ ತೋರಿಸುತ್ತಿದ್ದರು.

ಅಳು ಮೊದಲ ಟೇಕಿಗೇ ಓಕೆ. ತೊಡಕಾದದ್ದು ನಿಲ್ಲುವುದರಲ್ಲಿ. ಇಷ್ಟು ವರ್ಷದ ಸಿನಿಮಾಗಳಲ್ಲಿ ಅವಳ ಮಕ್ಕಳು ಅತ್ತದ್ದುಂಟು, ನಿಲ್ಲಿಸಿದ್ದಿಲ್ಲ. ಅಷ್ಟರಲ್ಲಿ ದೃಶ್ಯ ಬದಲಾಗುತ್ತಿತ್ತು, ಇಲ್ಲವೆ ಪಿಟೀಲು ಬರುತ್ತಿತ್ತು. ಇಲ್ಲಿ ಮಗು ತಾಯಿಯ ಎದೆಗೆ ಬಂದ ಮೇಲೆ ಅಳು ಮುರಿಯಬೇಕು, ಬಿಕ್ಕಬೇಕು, ಬಿಕ್ಕಿನ ನಡುವಿನ ಜಾಗ ದೊಡ್ಡದಾಗಬೇಕು, ಕೊನೆಗೊಂದು ನಡುಗುವ ಉಸಿರು. ಮಾಡಿದಳು.

“ಮೇಡಮ್,” ನಿರ್ದೇಶಕನ ದನಿ ಕಿವಿಗೆ ಬಂತು, “ಯಾಕೋ ದೂರದಿಂದ ಕೇಳಿಸ್ತಿದೆ.”

“ಮೈಕ್ ಹತ್ರಾನೇ ಇದೀನಿ ಸರ್.”

“ಹೌದು, ಆದ್ರೂ... ಪಕ್ಕದ ರೂಮಲ್ಲಿ ಯಾರೋ ಎತ್ಕೊಂಡ ಹಾಗಿದೆ. ಮಗು ತಾಯಿ ಎದೆ ಮೇಲಿದೆಯಲ್ವಾ? ನಿಮ್ಮ ಎದೆ ಮೇಲೆ ಮಗು ಹೇಗೆ ಸುಮ್ಮನಾಗತ್ತೆ ಅಂತ ನೆನಪು ಮಾಡ್ಕೊಳ್ಳಿ.”

ನೆನಪು ಮಾಡಿಕೊಂಡಳು. ಅವಳಿಗೆ ಗೊತ್ತಿದ್ದದ್ದು ಬಾಗಿಲಿನಾಚೆ ನಿಲ್ಲುವ ಅಳು. ತನ್ನ ಕೈಯಿಂದ ಅಕ್ಕ ತೆಗೆದುಕೊಂಡು ಹೋದ ಮೇಲೆ, ಹಾಲ್ ದಾಟಿ, ಬಾಲ್ಕನಿಯ ಹತ್ತಿರ ಎಲ್ಲೋ ನಿಲ್ಲುವ ಅಳು. ಆ ಹುಡುಗನ ಕಿವಿ ತನಗಿಂತ ಚುರುಕಾಗಿದೆಯಲ್ಲ ಎಂದು ಸಿಟ್ಟು ಬಂತು. ಮತ್ತೆ ಮಾಡಿದಳು, ಇನ್ನೂ ಮುಂದೆ ಬಂದು, ತುಟಿ ಮೈಕಿಗೆ ತಾಗುವ ಹಾಗೆ. ಈಗ ಅದು ಹತ್ತಿರದಿಂದ ಕೇಳಿಸಿತು, ಮಗುವಿನ ಹಾಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ನಿರ್ದೇಶಕನಿಗೆ ಸೋಫಾ ಕಣ್ಣಿಗೆ ಬಿದ್ದಿತು. ಅಸಲಿ ಮಗು ಇದೆ, ಅಸಲಿ ತಾಯಿ ಇದಾಳೆ, ಇನ್ನೇನು ಬೇಕು! ಅವನ ಉತ್ಸಾಹಕ್ಕೆ ಅಕ್ಕನೂ ಕರಗಿದಳು. “ಸಿನಿಮಾದಲ್ಲಿ ಇವಳ ಹೆಸರು ಹಾಕ್ತೀರಾ?” ಎಂದು ಕೇಳಿ, ಮಗುವಿನ ಮೂಗು ಒರೆಸಿ, ಒಳಗೆ ತಂದು ತಾಯಿಯ ಕೈಗಿಟ್ಟಳು. ಮಗು ಎಚ್ಚರವಾಗಿತ್ತು. ಅಳಲಿಲ್ಲ. ಮೈಕಿನ ಕಪ್ಪು ಸ್ಪಂಜನ್ನು ನೋಡುತ್ತ, ಜಗತ್ತಿನಲ್ಲಿ ತನಗೆ ಯಾವ ತಕರಾರೂ ಇಲ್ಲವೆನ್ನುವ ಹಾಗೆ, ಅವಳ ತೋಳಿನ ಮೇಲೆ ಮಲಗಿತ್ತು. ಗಾಜಿನಾಚೆ ಎಲ್ಲರೂ ಉಸಿರು ಹಿಡಿದು ಕಾದರು.

“ಅಳ್ತಿಲ್ವಲ್ಲ,” ಎಂದ ನಿರ್ದೇಶಕ, ಸ್ವಲ್ಪ ಆಪಾದನೆಯಿಂದಲೇ.

“ಅಯ್ಯೋ, ಮನೇಲಿ ಕೇಳ್ಬೇಕಿತ್ತು ನೀವು!” ಬಾಗಿಲಲ್ಲಿ ನಿಂತಿದ್ದ ಅಕ್ಕ ಹೇಳಿದಳು. “ಹೊರಗಡೆ ಬಂದ್ರೆ ಮಹಾ ಸಭ್ಯಸ್ಥೆ.”

ಹೀಗೆ ಸುಮ್ಮನೆ ತನ್ನ ತೋಳಿನ ಮೇಲೆ ಅದು ಮಲಗಿದ್ದು ಎಂದು? ನೆನಪಾಗಲಿಲ್ಲ. ಇನ್ನಷ್ಟು ಹೊತ್ತು ಹೀಗೇ ಇದ್ದರೆ ಏನಾದರೂ ಆಗಬಹುದು ಅನ್ನಿಸಿತು, ಏನೆಂದು ಗೊತ್ತಿಲ್ಲ. ಆದರೆ ಕೆಂಪು ದೀಪ ಹತ್ತಿತ್ತು, ಮೆಷೀನು ಓಡುತ್ತಿತ್ತು, ಹೆಡ್‌ಫೋನ್ ತಾತ ಗಡಿಯಾರ ನೋಡಿದರು. ಥಿಯೇಟರಿನಲ್ಲಿ ಮೌನ ಎಂದರೆ ಯಾರೋ ತಮ್ಮ ಕೆಲಸ ಮಾಡುತ್ತಿಲ್ಲ ಎಂದರ್ಥ. ಒಂದು ಮಗು ಅತ್ತರೆ ಪಕ್ಕದ್ದೂ ಅಳುತ್ತದೆ, ಹೆರಿಗೆ ವಾರ್ಡಿನಲ್ಲಿ ಅವಳು ಕೇಳಿದ್ದಳು. ಅವಳು ಬಗ್ಗಿ, ಮಗಳ ಕಿವಿಯ ಹತ್ತಿರ ಬಾಯಿಟ್ಟು, ಮಗಳದೇ ಅಳುವನ್ನು ಅತ್ತಳು. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಕೇಳಿದ ಆ ತಪ್ಪು ಅಳುವನ್ನೇ, ಸ್ವಲ್ಪ ತಿದ್ದಿ.

ಮಗು ತಿರುಗಿ ಅವಳನ್ನು ನೋಡಿತು. ಅಷ್ಟು ನೆಟ್ಟಗೆ ಅದು ಅವಳನ್ನು ನೋಡಿದ್ದು ಅದೇ ಮೊದಲು. ಮೊದಲು ಆಶ್ಚರ್ಯ, ಆಮೇಲೆ ಕೆಳತುಟಿ ಹೊರಗೆ ಬಂತು, ಮಡಚಿತು, ನಡುಗಿತು. ಒಂದು ತುಂಡು. ಕಾಯುವ ಉಸಿರು. ಇನ್ನೊಂದು ತುಂಡು. ಆಮೇಲೆ ಉದ್ದಕ್ಕೆ. ಸರಿಯಾಗಿತ್ತು, ಒಂದು ಎಳೆಯೂ ತಪ್ಪಿರಲಿಲ್ಲ. ಅವಳಿಗೆ ಮೊದಲು ಬಂದದ್ದು ಹೆಮ್ಮೆ. ತಾನು ಮಾಡಿದ್ದೇನು ಎಂಬುದು ಹಿಂದಿನ ಬಾಗಿಲಿಂದ ಆಮೇಲೆ ಬಂತು.

ಈಗ ಅದು ನಿಲ್ಲಬೇಕಿತ್ತು. ತಟ್ಟಿದಳು, ತೂಗಿದಳು, ಏನೇನೋ ಗುನುಗಿದಳು. ಶಾಲಿನೊಳಗೆ ಎದೆಗೆ ಹಿಡಿದಳು, ಹಾಲು ಸುಮ್ಮನೆ ಸುರಿದು ಹೋಗುತ್ತಿತ್ತು, ಕೆನ್ನೆಗೆ ತಾಗಿದ ಅದನ್ನು ಮಗು ಯಾರದೋ ಎಂಜಲೆಂಬಂತೆ ಮುಖ ತಿರುವಿ ತಳ್ಳಿ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಅಕ್ಕ ಕೈಚಾಚಿದಳು. ಅವಳು ಭುಜ ತಿರುಗಿಸಿ ಮಗುವನ್ನು ಮರೆಮಾಡಿದಳು. ಪ್ರೀತಿಗಲ್ಲ, ಪರೀಕ್ಷೆಯ ಕೋಣೆಯಲ್ಲಿ ಪಕ್ಕದವಳಿಂದ ಪೇಪರ್ ಮರೆಮಾಡುವ ಹಾಗೆ.

“ನಿಲ್ತಾ ಇಲ್ವಲ್ಲ ಮೇಡಮ್,” ಕಿವಿಯಲ್ಲಿ ದನಿ. “ಸರಿ ಬಿಡಿ, ಅಳು ಸಿಕ್ತು, ಸೂಪರ್ ಆಗಿದೆ. ನಿಲ್ಲೋದನ್ನ ನೀವೇ ಹೇಗಾದ್ರೂ ಕೊಟ್ಬಿಡಿ. ಮಗೂನ ಹೊರಗೆ ಕೊಡಿ ಪ್ಲೀಸ್.”

ಕೊಟ್ಟಳು. ದಪ್ಪ ಬಾಗಿಲು ಮುಚ್ಚಿತು. ಸದ್ದೆಲ್ಲ ಕತ್ತರಿಸಿ ಹೋಗಿ, ಗಾಜಿನಾಚೆ ತೆರೆದ ಬಾಯಿಯೊಂದು ಮಾತ್ರ ಉಳಿಯಿತು. ಅಕ್ಕ ಸೋಫಾದಲ್ಲಿ ಕೂತು, ಮಗುವನ್ನು ಹೆಗಲಿಗೆ ಹಾಕಿ, ಹೆಡ್‌ಫೋನ್ ತಾತನ ಜೊತೆ ಏನೋ ಮಾತಾಡತೊಡಗಿದಳು. ಕೈ ಬೀಸುವುದು ನೋಡಿದರೆ ಬಸ್ಸಿನ ವಿಷಯ. ಇನ್ನೊಂದು ಕೈ ತನ್ನ ಪಾಡಿಗೆ ದಿಂಬು ಕೊಡವುತ್ತಿತ್ತು. ಅಕ್ಕ ಮಗುವಿನ ಅಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಯಾವ ಅಳು, ಎಲ್ಲಿಂದ ಹೊರಟಿತು, ಎಷ್ಟು ಏರಿತು, ಏನೂ ಬೇಕಿರಲಿಲ್ಲ ಅವಳಿಗೆ. ಒಂದೊಂದು ಉಸಿರಿಗೂ ಕಿವಿ ನಿಮಿರಿಸಿ ನಿಂತು ತಾನು ಈ ತಿಂಗಳುಗಳಲ್ಲಿ ಪಟ್ಟ ಪಾಡು! ಕೇಳದವಳ ಹೆಗಲ ಮೇಲೆ ಆ ಬಾಯಿ ಸಣ್ಣದಾಗುತ್ತಿತ್ತು. ಮುರಿಯಿತು. ಬಿಕ್ಕಿತು. ಪರದೆಯ ಮೇಲೆ ನಾಯಕಿ ತೊಟ್ಟಿಲಿನ ಕಡೆ ತಿರುಗಿದ್ದಳು. ಇವಳು ಪರದೆ ನೋಡಲಿಲ್ಲ. ಗಾಜಿನಾಚೆಯ ತುಟಿಗೆ ಸರಿಯಾಗಿ ಬಿಕ್ಕಿದಳು. ಅದು ತಡೆದಾಗ ತಡೆದಳು. ಅದರ ಬೆನ್ನು ಏರಿ ಇಳಿದಾಗ ತನ್ನ ಉಸಿರನ್ನು ನಡುಗಿಸಿ ಬಿಟ್ಟಳು. ಅದು ಕಣ್ಣು ಮುಚ್ಚಿತು. ಅವಳು ಸುಮ್ಮನಾದಳು.

“ಓಕೆ! ಓಕೆ ಓಕೆ ಓಕೆ!” ನಿರ್ದೇಶಕ ಒಳಗೇ ಓಡಿ ಬಂದ. ಕಣ್ಣು ಒದ್ದೆಯಾಗಿತ್ತು. “ಎಂಥಾ ಟೇಕ್ ಮೇಡಮ್! ಈಗ ನೋಡಿ, ಎದೆ ಮೇಲೇ ಇದ್ದ ಹಾಗಿದೆ. ನೀವು ತಾಯಿ ಆಗಿರೋದಕ್ಕೇ ಇದು ಸಾಧ್ಯ ಆಯ್ತು.”

“ಥ್ಯಾಂಕ್ಸ್ ಸರ್,” ಎಂದಳು.

ಹೊರಗೆ, ಸ್ಟುಡಿಯೋದ ಮೆಟ್ಟಿಲ ಮೇಲೆ ಬಿಸಿಲು ಇಳಿಯುತ್ತಿತ್ತು. ಟ್ಯಾಕ್ಸಿ ಬರಬೇಕಿತ್ತು. ಅಕ್ಕ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, “ಇನ್ನಾದ್ರೂ ಹೇಳು ಕಣೆ,” ಎಂದಳು. “ಹೂಂ ಅಂತೀಯೋ, ಉಹೂಂ ಅಂತೀಯೋ?”

ಮಾತು ಸಿದ್ಧವಾಗಿತ್ತು. ‘ಕರ್ಕೊಂಡು’ ಎಂಬುದರ ನಂತರ ಒಂದು ಉಸಿರು ತಡೆದು, ‘ಹೋಗಿ’ ಎಂಬುದನ್ನು ನೆಲ ನೋಡುತ್ತ ಹೇಳಬೇಕು. ಬಾಯಿ ತೆರೆದಳು. ಬಂದದ್ದು ಬೇರೆ, ಒಂದು ತಾಲೀಮೂ ಇಲ್ಲದ್ದು, ಗಂಟಲಿನ ಯಾವ ಜಾಗದಿಂದ ಬಂತೆಂದು ಅವಳಿಗೇ ತಿಳಿಯದ್ದು:

“ನನ್ನನ್ನೂ ಕರ್ಕೊಂಡು ಹೋಗಿ ಅಕ್ಕ.”

“ಎಲ್ಲಿಗೆ?”

“ನಿಮ್ಮನೆಗೆ.”

“ನೀನ್ ಬಂದು ಅಲ್ಲೇನ್ ಮಾಡ್ತೀಯೇ?”

“ಏನೂ ಮಾಡಲ್ಲ. ಮಲಗ್ತೀನಿ.”

ಅಕ್ಕ ನಕ್ಕಳು. ಇವಳು ನಗದಿದ್ದುದನ್ನು ನೋಡಿ ನಿಲ್ಲಿಸಿದಳು. “ಅಳೋರು ಇಬ್ಬರಾಗ್ತೀರಲ್ಲೇ.”

“ಹೌದು.”

“ಅವನ ಊಟ?”

ತಮ್ಮನ ಊಟ ಸ್ವಲ್ಪ ಹೊತ್ತು ಇಬ್ಬರ ನಡುವೆ ಮೆಟ್ಟಿಲ ಮೇಲೆ ಬಡಿಸಿಟ್ಟ ಹಾಗೇ ಇತ್ತು.

“ಬಟ್ಟೆ ಏನಾದ್ರೂ ತಂದಿದೀಯಾ?”

“ಇಲ್ಲ.”

ಅಕ್ಕ ಅವಳ ಶಾಲನ್ನು ನೋಡಿದಳು, ಶಾಲಿನ ಕೆಳಗೆ ಅಂಗಿಯ ಮೇಲೆ ಒಣಗಿ ಗಟ್ಟಿಯಾಗುತ್ತಿದ್ದ ಕಲೆಯನ್ನು ನೋಡಿದಳು. ಮುಖ ಮೆತ್ತಗಾಗಲಿಲ್ಲ, ಯಾವುದೋ ಹಳೆಯ ಸಿಟ್ಟಿನಿಂದ ಬಿಗಿಯಿತು. “ನಾನು ಮೂರು ಹೆತ್ತೆ,” ಎಂದಳು, ರಸ್ತೆಯ ಕಡೆ ನೋಡುತ್ತ. “ನನ್ನನ್ನ ಯಾರೇ ಕರ್ಕೊಂಡು ಹೋದ್ರು?”

ಅದು ಪ್ರಶ್ನೆಯೋ ಬೈಗುಳವೋ ತಿಳಿಯಲಿಲ್ಲ. ಜಗತ್ತಿನ ಎಲ್ಲ ದನಿಯನ್ನೂ ಒಡೆದು ನೋಡಬಲ್ಲೆ ಎಂದುಕೊಂಡಿದ್ದವಳಿಗೆ ಇದರೊಳಗೆ ಏನಿದೆಯೆಂದು ಕೇಳಿಸಲಿಲ್ಲ. ಟ್ಯಾಕ್ಸಿ ಬಂದು ನಿಂತಿತು.

“ಮಗೂನ ನಾನೇ ಹಿಡ್ಕೋತೀನಿ,” ಎಂದಳು ಅಕ್ಕ. “ನೀನು ಆ ಬ್ಯಾಗ್ ತಗೋ. ಅವನಿಗೆ ಫೋನ್ ನೀನೇ ಮಾಡ್ಬೇಕು, ನಾನು ಮಾಡಲ್ಲ.”

ಅವಳು ಬ್ಯಾಗು ಎತ್ತಿಕೊಂಡಳು. ಕೈ ಜಗ್ಗುವಷ್ಟು ಭಾರವಿತ್ತು, ಎತ್ತಿಕೊಂಡರೂ ಅಳಲಿಲ್ಲ. ಅಷ್ಟಕ್ಕೇ ಅದರ ಮೇಲೆ ಎಂಥದೋ ಮಮತೆ ಉಕ್ಕಿತು. ಡ್ರೈವರು ಡಿಕ್ಕಿ ತೆಗೆದು ಕೈ ಚಾಚಿದರೂ ಕೊಡದೆ, ಒಳಗೆ ಕೂತು, ಅದನ್ನು ತೊಡೆಯ ಮೇಲೇ ಇಟ್ಟುಕೊಂಡಳು.